ಭಾವನ ಗುಟ್ಟಿನ ಮಾತು

ನಮ್ಮ ಭಾವ ಈ ಪ್ರಪಂಚದಲ್ಲಿ ಮನಸಾರೆ ನಂಬೋದು ಎರಡನ್ನು ಮಾತ್ರ. ಒಂದು ನಮ್ಮಕ್ಕ. ಇನ್ನೊಂದು ಅವರ ಮನೆಯ ಹಳೇ ಡಿಶ್‌ವಾಷರ್, ಯಾಕೆಂದರೆ ಅದಕ್ಕೆ ವೈಫೈ ಇಲ್ಲ! ಅಕ್ಕನ ಮೇಲಾದರೂ ಆಗಾಗ ಅನುಮಾನ ಬರುತ್ತೆ. ಪಾಪ, ಅವಳ ಹತ್ತಿರ ಫೋನಿದೆಯಲ್ಲ.

ಅವರಿರೋದು ವಾಷಿಂಗ್ಟನ್ ಪಕ್ಕದ ಶ್ಯಾಂಟಿಲಿಯಲ್ಲಿ, ನಾನು ಅಲ್ಲಿಂದ ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಕ್ಯಾರಿಯಲ್ಲಿ. ಅವರು ಹೊಸ ಮನೆ ತಗೊಂಡಾಗ, ಕೇಳಿದ ಹಾಡು ಹಾಕುವ ಸ್ಪೀಕರೊಂದನ್ನು ಉಡುಗೊರೆ ಅಂತ ಒಯ್ದಿದ್ದೆ. ನಾದಿನಿ ಅಂದಮೇಲೆ ಕೈ ಬೀಸಿಕೊಂಡು ಹೋಗೋಕಾಗುತ್ತಾ?

"ಹಾಡು ಹಾಕು ಅಂದ್ರೆ ಸಾಕು ಭಾವ, ಅದೇ ಹಾಕುತ್ತೆ."

"ಹಾಡು ಹಾಕು ಅಂದಿದ್ದು ಅದಕ್ಕೆ ಕೇಳಿಸುತ್ತೆ ಅಂದ್ರೆ ಮಿಕ್ಕಿದ್ದೂ ಕೇಳಿಸುತ್ತೆ ಅಲ್ವೇನಮ್ಮಾ?"

ಬೆಳಗ್ಗೆ ಎದ್ದು ನೋಡಿದರೆ ನನ್ನ ಉಡುಗೊರೆ ಗರಾಜಿನಲ್ಲಿ ಎರಡು ಟವೆಲ್ ಸುತ್ತಿಕೊಂಡು, ಬಾಣಂತಿ ಮನೆಯ ಕೂಸಿನ ಹಾಗೆ ಮಲಗಿತ್ತು. ಕ್ಯಾಮೆರಾ ಇರುವ ಯಾವ ವಸ್ತುವನ್ನೂ ಅವರು ಬಿಟ್ಟಿಲ್ಲ. ಲ್ಯಾಪ್‌ಟಾಪು, ಟ್ಯಾಬ್ಲೆಟ್ಟು, ಟಿವಿ, ಎಲ್ಲದರ ಕಣ್ಣಿಗೂ ಅಕ್ಕನ ಸ್ಟಿಕರ್ ಬಿಂದಿ ಅಂಟಿಸಿದ್ದಾರೆ. ಆ ಮನೆಯಲ್ಲಿ ಯಂತ್ರಗಳೆಲ್ಲ ಮುತ್ತೈದೆಯರು!

ಬ್ಯಾಂಕಿನವರು ಕೇಳುವ ಗುರುತಿನ ಪ್ರಶ್ನೆಗಳಿರುತ್ತವಲ್ಲ, ಹುಟ್ಟಿದ ಊರು ಯಾವುದು, ಮೊದಲ ಶಾಲೆ ಯಾವುದು ಅಂತ? ಭಾವ ಅದಕ್ಕೆಲ್ಲ ಬೇಕಂತಲೇ ಸುಳ್ಳು ಬರೆದಿಟ್ಟಿದ್ದರು. ನಿಜ ಬರೆದರೆ ಕಳ್ಳನಿಗೆ ಸುಲಭವಂತೆ. ಹುಟ್ಟಿದ ಊರು: ಹಾಗಲಕಾಯಿ. ಮುಂದೊಂದು ದಿನ ಬ್ಯಾಂಕಿನ ಹುಡುಗಿ ಫೋನಿನಲ್ಲಿ ಕೇಳಿದಾಗ, ಇವರಿಗೆ ಅದು ಹಾಗಲಕಾಯಿಯೋ ಪಡವಲಕಾಯಿಯೋ ನೆನಪೇ ಬರಲಿಲ್ಲ. ತರಕಾರಿ ಅಂಗಡಿಯನ್ನೆಲ್ಲ ಒಪ್ಪಿಸಿದರೂ ಆಕೆ ಒಪ್ಪದೆ ಖಾತೆಗೆ ಬೀಗ ಜಡಿದಳು.

"ನೆನಪಿಟ್ಟುಕೊಳ್ಳೋಕೆ ಆಗದವರು ಸುಳ್ಳು ಯಾಕ್ರೀ ಹೇಳಬೇಕು?" ಅಂದಳು ಅಕ್ಕ.

ಇಷ್ಟಕ್ಕೇ ನಿಂತಿದ್ದರೆ ನಾವೆಲ್ಲ ಹೇಗೋ ಬದುಕಿಕೊಳ್ಳುತ್ತಿದ್ದೆವು. ಲಾಕ್‌ಡೌನ್ ಬಂತು ನೋಡಿ! ಊರವರೆಲ್ಲ ಬ್ರೆಡ್ ಮಾಡೋದು ಕಲಿತರೆ, ಹೊಟ್ಟೆಪಾಡಿಗೆ ಸೇತುವೆ ಡಿಸೈನ್ ಮಾಡುವ ನಮ್ಮ ಭಾವ ಕೋಡ್ ಬರೆಯೋದು ಕಲಿತರು. ಬ್ರೆಡ್ಡಾಗಿದ್ದರೆ ತಿಂದು ಮುಗಿಸಬಹುದಿತ್ತು. ಇದು ಮುಗಿಯುವಂಥದ್ದೇ? ಮನೆಯವರೆಲ್ಲ ಎಲ್ಲೆಲ್ಲಿದ್ದೀವಿ ಅಂತ ಮ್ಯಾಪಿನಲ್ಲಿ ತೋರಿಸುವ ಒಂದು ಆಪ್ ಬರೆದರು. ಕಂಪನಿಗಳ ಆಪ್ ಬಳಸಿದರೆ ನಮ್ಮ ಗುಟ್ಟೆಲ್ಲ ಅವರ ಪಾಲಾಗುತ್ತಂತೆ. ಹಾಗಾಗಿ ನಮ್ಮ ವಂಶದ ಸಮಸ್ತ ಗುಟ್ಟೂ ಅವರ ಕೋಟು ನೇತುಹಾಕುವ ಕ್ಲಾಸೆಟ್ಟಿನ ಒಂದು ಪುಟ್ಟ ಕಂಪ್ಯೂಟರಿನಲ್ಲಿತ್ತು, ಶೂಗಳ ಪಕ್ಕ.

ಗುಟ್ಟೇನೋ ಭದ್ರ, ಆದರೆ ಒಂದೂ ನಿಜವಲ್ಲ! ಒಂದು ಸಂಜೆ ಕ್ಯಾರಿಯ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದ ನನ್ನನ್ನು ಅದು ಅಟ್ಲಾಂಟಾ ಏರ್‌ಪೋರ್ಟಿನಲ್ಲಿ ನಿಲ್ಲಿಸಿತ್ತು. ಅಕ್ಕ ಗಾಬರಿಯಿಂದ ಫೋನ್ ಮಾಡಿ, "ಹೇಳದೆ ಕೇಳದೆ ಎಲ್ಲಿಗೆ ಹೊರಟೆಯೇ? ಗಂಡನ ಜೊತೆ ಜಗಳವಾ?" ಅಂದಳು. ಪಕ್ಕದಲ್ಲಿದ್ದ ನನ್ನ ಗಂಡ ಅವತ್ತೆಲ್ಲ ನನ್ನನ್ನು ಅನುಮಾನದಿಂದಲೇ ನೋಡಿದರು.

ಆಮೇಲೆ ಮೈಸೂರಿನಿಂದ ನಮ್ಮಮ್ಮ ಬಂದರು. ಬಂದವರನ್ನು ಭಾವ ಸುಮ್ಮನೆ ಬಿಟ್ಟಾರೆಯೇ? ಗೊತ್ತಿಲ್ಲದ ನಂಬರ್ ಎತ್ತಬಾರದು. ಅಪರಿಚಿತರಿಗೆ ಹೆಸರು ಹೇಳಬಾರದು. ಮಗಳ ನಂಬರಿಂದ ಬಂದರೂ ನಂಬಬಾರದು, ಈಗ ದನಿಯನ್ನೂ ನಕಲಿ ಮಾಡ್ತಾರೆ, ಗುಟ್ಟಿನ ಮಾತು ಕೇಳಲೇಬೇಕು! ವಾರಕ್ಕೊಂದು ಹೊಸ ಗುಟ್ಟಿನ ಮಾತು. ಅದನ್ನು ಭಾನುವಾರ ಫೋನ್ ಮಾಡಿ ಎಲ್ಲರಿಗೂ ತಿಳಿಸೋರು. ನಾನು ಆ ಫೋನನ್ನು ಎತ್ತುತ್ತಲೇ ಇರಲಿಲ್ಲ. ನನಗೇನು ಬೇರೆ ಕೆಲಸವಿಲ್ಲವೇ? ಅಮ್ಮನಿಗೆ ಮಾತ್ರ ಇದೆಲ್ಲ ಭಾರಿ ಇಷ್ಟವಾಗಿಬಿಟ್ಟಿತು. ಭಾವ ಗರಾಜಿನಿಂದ ಪೊಲೀಸ್ ದನಿಯಲ್ಲಿ ಪರೀಕ್ಷೆಗೆ ಫೋನ್ ಮಾಡಿದರೆ, ಅಮ್ಮ ಅವರನ್ನು ಚೆನ್ನಾಗಿ ಬೈದು ಇಟ್ಟು, ಆಮೇಲೆ ಕಾಫಿ ಕೊಡುವಾಗ "ಅಳಿಯಂದಿರೇ, ಪಾಸಾದ್ನಾ?" ಅಂತ ಕೇಳೋರು.

ಒಂದು ಶುಕ್ರವಾರ ಭಾವ ರಜೆ ಹಾಕಿ ಅಮ್ಮನಿಗೆ ವಾಷಿಂಗ್ಟನ್ ತೋರಿಸಲು ಹೊರಟರು. ಮ್ಯೂಸಿಯಂ ಮುಗಿಸಿ, ಅಲೆಕ್ಸಾಂಡ್ರಿಯಾದ ನದಿ ದಂಡೆಯಲ್ಲಿ ಕೂತು ಊಟ ಮಾಡೋಣ ಅಂತ ಮೆಟ್ರೋ ಪ್ಲಾಟ್‌ಫಾರ್ಮಿಗೆ ಇಳಿದರು. ಅಲ್ಲಿ ಕಂಬದ ಮೇಲೆ ಯಾರೋ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದಾರೆ. ಬಿಟ್ಟಾರೆಯೇ? "ಇದನ್ನ ಸ್ಕ್ಯಾನ್ ಮಾಡಿದ್ರೆ ಮುಗೀತು ಕಥೆ" ಅಂತ ಉಗುರಿನಿಂದ ಕೆರೆದು ಕೀಳೋಕೆ ನಿಂತರು. ರೈಲು ಬಂತು. ಅಳಿಯ ಹಿಂದೆಯೇ ಇದ್ದಾರೆ ಅಂತ ಅಮ್ಮ ಜನರ ಜೊತೆ ಹತ್ತಿದರು. ಬಾಗಿಲು ಮುಚ್ಚಿತು. ಅಳಿಯ ಪ್ಲಾಟ್‌ಫಾರ್ಮಿನ ಮೇಲೆ, ಕೈಯಲ್ಲಿ ಅರ್ಧ ಚೀಟಿ!

ನನಗೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. ಭಾವನ ಭಾನುವಾರದ ಫೋನೊಂದು ಬಿಟ್ಟು ನಾನು ಎಲ್ಲಾ ಎತ್ತುತ್ತೀನಿ.

"ನಾನಮ್ಮಾ, ನಿನ್ನ ಭಾವ."

"ಹೌದಾ? ಗುಟ್ಟಿನ ಮಾತು ಹೇಳಿ ಮತ್ತೆ!" ಅಂತ ನಕ್ಕೆ.

"ತಮಾಷೆ ಬೇಡ ಕಣಮ್ಮಾ. ಅತ್ತೆ ಒಬ್ಬರೇ ರೈಲಲ್ಲಿ ಹೋಗ್ಬಿಟ್ರು."

ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟದ ಹೊತ್ತು. ಡಬ್ಬಿ, ಮಾತ್ರೆ ಎಲ್ಲಾ ಭಾವನ ಬ್ಯಾಗಿನಲ್ಲಿ. ಇಂಗ್ಲಿಷ್ ಅಷ್ಟಕ್ಕಷ್ಟೇ. ಭಾವನ ಫೋನೋ, ಬೆರಳು ಬೇಡ, ಮುಖ ಬೇಡ ಅಂತ ಮೊಳದುದ್ದ ಪಾಸ್‌ವರ್ಡ್ ಇಟ್ಟಿದ್ದ ಫೋನು. ಗಾಬರಿಯಲ್ಲಿ ತಪ್ಪು ತಪ್ಪು ಒತ್ತಿ ಅದು ಬೀಗ ಹಾಕಿಕೊಂಡಿತ್ತು. ಸ್ಟೇಷನ್ನಿನ ಒಬ್ಬಾಕೆಯ ಫೋನ್ ಬೇಡಿ ಪಡೆದು ಅಮ್ಮನಿಗೆ ಮಾಡಿದರೆ, ಗೊತ್ತಿಲ್ಲದ ನಂಬರು, ಅಮ್ಮ ಎತ್ತುತ್ತಿಲ್ಲ. ಪಾಠ ಅಷ್ಟು ಚೆನ್ನಾಗಿ ಆಗಿತ್ತು! ಅಕ್ಕನ ಆಫೀಸಿನಲ್ಲಿ ಫೋನ್ ಒಳಗೇ ಬಿಡೋದಿಲ್ಲ. ಭಾವನಿಗೆ ಬಾಯಿಪಾಠವಿದ್ದ ಇನ್ನೊಂದು ನಂಬರ್ ನನ್ನದು.

ಅವರ ಆಪ್ ತೆಗೆದೆ. "ಭಾವ! ಅಮ್ಮನ್ನ ನದಿ ಮಧ್ಯೆ ತೋರಿಸ್ತಿದೆ!" ಅಂತ ಕಿರುಚಿಕೊಂಡೆ.

"ನದಿಯಾ? ಅಬ್ಬಾ, ಹಾಗಾದ್ರೆ ಸರಿಯಾಗೇ ಇದೆ! ಹಳದಿ ಲೈನು ಸೇತುವೆ ಮೇಲೆ ಹೋಗುತ್ತೆ. ಮುಂದಿನ ಸ್ಟೇಷನ್ನಲ್ಲಿ ಇಳಿಸು, ಬೇಗ ಬೇಗ!"

ಅವರನ್ನು ಹೋಲ್ಡಿನಲ್ಲಿಟ್ಟು ಅಮ್ಮನಿಗೆ ಮಾಡಿದೆ. ಎತ್ತಿದರು!

"ಅಮ್ಮಾ, ನಾನು! ಮುಂದಿನ ಸ್ಟೇಷನ್ನಲ್ಲಿ ಇಳ್ಕೊ!"

"ಗುಟ್ಟಿನ ಮಾತು ಹೇಳಿ," ಅಂದರು ಅಮ್ಮ. ಹೆತ್ತ ಮಗಳಿಗೆ ಬಹುವಚನ!

"ಅಯ್ಯೋ, ನನಗೆ ಗೊತ್ತಿಲ್ಲಮ್ಮಾ, ನಾನೇ ಕಣೇ..."

"ಹೀಗೇ ಶುರು ಮಾಡ್ತಾರಂತೆ," ಅಂದು ಇಟ್ಟೇಬಿಟ್ಟರು.

ಮತ್ತೆ ಭಾವನ ಕಡೆ ತಿರುಗಿದೆ. "ಗುಟ್ಟಿನ ಮಾತೇನು ಹೇಳ್ರೀ!"

"ಬೇರೆಯವರ ಫೋನಲ್ಲಿ ಅದನ್ನೆಲ್ಲ..."

"ಭಾವಾ! ಈಗ ಹೇಳದಿದ್ರೆ ನಾನು ಈ ಜನ್ಮದಲ್ಲಿ ನಿಮ್ಮನ್ನ ಮಾತಾಡಿಸಲ್ಲ!"

ಒಂದು ಹೆಸರು ಹೇಳಿದರು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಮಗುವನ್ನು ಮುದ್ದಿಗೆ ಕರೆಯುವಂಥ ಹೆಸರು.

"ಯಾರದಿದು?"

"ನಂದೇ. ನಮ್ಮಮ್ಮ ಹಾಗೆ ಕರೀತಿದ್ರು. ಚಿಕ್ಕೋನಿದ್ದಾಗ ಏನಂತ ಕರೀತಿದ್ರು ಅಂತ ಅತ್ತೆ ಕೇಳಿದ್ರು, ಹೇಳಿದೆ. ಈ ವಾರ ಇದೇ ಇರಲಿ, ಯಾವ ಕಳ್ಳನಿಗೂ ಗೊತ್ತಾಗಲ್ಲ ಅಂದ್ರು. ನಿಜಾನೇ. ಅಮ್ಮ ಹೋದ ಮೇಲೆ ಅದು ಗೊತ್ತಿದ್ದೋರು ಯಾರೂ ಇರಲಿಲ್ಲ."

ಅಮ್ಮನಿಗೆ ಮತ್ತೆ ಫೋನ್ ಮಾಡಿ ಆ ಹೆಸರು ಹೇಳಿದೆ. "ಹಾಂ, ನೀನೇ ಕಣೇ! ಮೊದಲೇ ಹೇಳೋಕೇನಾಗಿತ್ತು?" ಅಂದರು. ಇಳಿದದ್ದೆಲ್ಲಿ ಗೊತ್ತೇ? ಪೆಂಟಗನ್ ಸ್ಟೇಷನ್ನಿನಲ್ಲಿ! ಅಲ್ಲಿನ ಬೆಂಚಿನ ಮೇಲೆ ಬ್ಯಾಗನ್ನು ಅವುಚಿಕೊಂಡು ಕೂತರು. ರೈಲಿನಲ್ಲಿ ಯಾರೋ ಒಬ್ಬಾಕೆ ಹೆಸರು ಕೇಳಿದಳಂತೆ, ಇವರು ಹೇಳಲಿಲ್ಲವಂತೆ. ಅದನ್ನು ನನಗೆ ಹೆಮ್ಮೆಯಿಂದ ವರದಿ ಮಾಡಿದರು. ಬದುಕಿದೆಯಾ ಬಡಜೀವವೇ ಅನ್ನಿಸಿತು.

ಭಾವನಿಗೆ ಜಾಗ ತಿಳಿಸಿ, ಅಮ್ಮನ ಜೊತೆ ಮಾತಾಡುತ್ತಲೇ ಇದ್ದೆ. ಮುಂದಿನ ರೈಲು ಬಂದು ನಿಂತ ಸದ್ದು. ಇಷ್ಟು ವರ್ಷ ಅಳಿಯನಿಗೆ ಬಹುವಚನ ಬಿಟ್ಟು ಮಾತಾಡದ ನಮ್ಮಮ್ಮ ಆ ಮುದ್ದಿನ ಹೆಸರು ಹಿಡಿದು, "ಬಾರೋ, ಇಲ್ಲೇ ಇದೀನಿ ಬಾರೋ," ಅಂತ ಪ್ಲಾಟ್‌ಫಾರ್ಮಿಗೆಲ್ಲ ಕೇಳುವ ಹಾಗೆ ಕೂಗಿದರು. ಆಮೇಲೆ ಐವತ್ತು ದಾಟಿದ ಗಂಡಸು ಬಿಕ್ಕಿ ಬಿಕ್ಕಿ ಅಳುವ ಸದ್ದು. "ಏನೂ ಆಗಿಲ್ಲ ಸುಮ್ನಿರು, ಮೊದಲು ಡಬ್ಬಿ ತೆಗಿ, ಹಸಿವಾಗ್ತಿದೆ," ಅನ್ನುತ್ತಿದ್ದರು ಅಮ್ಮ. ಇಲ್ಲಿ ಕ್ಯಾರಿಯಲ್ಲಿ ನಾನೂ ಅತ್ತುಬಿಟ್ಟೆ.

ಆ ಹೆಸರೇನು ಅಂತೀರಾ? ಹೇಳೋಲ್ಲ. ಅವರನ್ನು ಹಾಗೆ ಕರೆಯೋಕೆ ಈಗ ಮತ್ತೆ ಒಬ್ಬರಿದ್ದಾರೆ, ಅಷ್ಟು ಸಾಕು.