ಪುಟಾಣಿ ಮೆದುಳಿನ ಊಟ

ಸುಂಕದಕಟ್ಟೆಯ ಒಂದು ಅಂಗನವಾಡಿಯಲ್ಲಿ ನಾನು ಮಿಸ್. ಪುಟ್ಟ ಮಕ್ಕಳ ಮೆದುಳು ಚೆನ್ನಾಗಿ ಬೆಳೆಯೋಕೆ ಏನು ತಿನ್ನಿಸಬೇಕು ಅಂತ ಮನೆಮನೆಗೆ ಹೋಗಿ ಹೇಳೋದೂ ನನ್ನ ಕೆಲಸವೇ. ನಾನು ಹೇಳೋದು ಒಂದು, ಅಲ್ಲಿ ಆಗೋದು ಇನ್ನೊಂದು. ಇಷ್ಟು ವರ್ಷ ಆದ್ರೂ ಅದು ನಿಂತಿಲ್ಲ.

ತಾತನ ಬಾದಾಮಿ

ಒಂದು ಮನೇಲಿ ಎರಡು ವರ್ಷದ ಮಗುವನ್ನ ಹಗಲೆಲ್ಲ ನೋಡ್ಕೊಳ್ಳೋದು ತಾತ. "ಬಾದಾಮಿ ನೆನೆಸಿ, ನುಣ್ಣಗೆ ಅರೆದು ಹಾಲಲ್ಲಿ ಕೊಡಿ, ಮೆದುಳಿಗೆ ಒಳ್ಳೇದು" ಅಂತ ಹೇಳಿ ಬಂದಿದ್ದೆ. ತಿಂಗಳು ಬಿಟ್ಟು ಹೋದ್ರೆ ಮಗುವಿನ ತೂಕ ಇದ್ದಲ್ಲೇ ಇದೆ, ತಾತನ ಕೆನ್ನೆ ತುಂಬಿಕೊಂಡಿದೆ.

"ಬಾದಾಮಿ ಏನಾಯ್ತು ತಾತ?"

"ಒಳ್ಳೇ ಪದಾರ್ಥ ಕಣಮ್ಮ! ನಂಗೆ ಮರೆವು ಜಾಸ್ತಿ ಆಗಿತ್ತು. ಈಗ ಒಂದನೇ ಕ್ಲಾಸಿನ ಮೇಷ್ಟ್ರ ಹೆಸರೂ ನೆನಪಿದೆ."

"ಮಗೂಗೆ ಕೊಟ್ರಾ?"

ತಾತ ತಲೆ ಕೆರ್ಕೊಂಡ್ರು. "ಅದೊಂದೇ ನೋಡಮ್ಮ, ಮರ್ತು ಹೋಗ್ತಾ ಇದೆ."

ತಾಯಂದಿರ ಸಭೆ

"ಮೊದಲ ಎರಡು ಮೂರು ವರ್ಷದಲ್ಲೇ ಮೆದುಳು ತುಂಬಾ ಬೇಗ ಬೆಳೆಯೋದು, ಆಗಲೇ ಸೊಪ್ಪು, ಬೇಳೆ, ಮೊಟ್ಟೆ ಕೊಡಬೇಕು" ಅಂದೆ. ಹಿಂದೆ ಕೂತಿದ್ದ ಒಬ್ಬಾಕೆ ಎದ್ದು, "ಹಾಗಾದ್ರೆ ನಮ್ಮ ಯಜಮಾನ್ರಿಗೆ ಈಗ ಕೊಟ್ರೆ ಪ್ರಯೋಜ್ನ ಇಲ್ವಾ ಮಿಸ್?" ಅಂದ್ರು.

ಎಲ್ಲರೂ ನಕ್ಕರು. ಹೊರಗೆ ಸ್ಕೂಟರ್ ಮೇಲೆ ಕಾಯ್ತಿದ್ದ ಯಜಮಾನ್ರು ಕಿಟಕಿಯಿಂದ ತಲೆ ಹಾಕಿದ್ರು: "ಚಿಕ್ಕೋನಿದ್ದಾಗಲೇ ಕೊಟ್ಟಿದ್ರೆ ಇವಳನ್ನ ಮದ್ವೆ ಆಗ್ತಿದ್ನಾ ಮಿಸ್?"

ಮೊದಲ ವಾಕ್ಯ

ಒಬ್ಬಳು ಪುಟ್ಟಿ. ಮೂರು ತುಂಬುತ್ತಾ ಬಂದಿತ್ತು, ಮುಖ ಬಿಳಿಚಿಕೊಂಡು ಮೂಲೆ ಸೇರಿರೋಳು. "ಅಮ್ಮ", "ಬೇಡ" ಬಿಟ್ರೆ ಮಾತಿಲ್ಲ. ಡಾಕ್ಟರು, "ರಕ್ತ ಕಮ್ಮಿ ಇದೆ" ಅಂತ ಟಾನಿಕ್ ಬರೆದು, ಸೊಪ್ಪು ಮೊಟ್ಟೆ ತಿನ್ನಿಸಿ, ಜೊತೆಗೆ ಕೂತು ಮಾತಾಡಿಸಿ ಅಂದಿದ್ರು. ಗಾರ್ಮೆಂಟ್ಸ್‌ಗೆ ಹೋಗೋ ಅವಳಮ್ಮ ದಿನಾ ಕೇಳೋಳು: "ಮಾತಾಡ್ತಾಳಾ ಮಿಸ್?"

ಪುಟ್ಟಿ ಬಾಯಿ ತೆರೀಬೇಕಾದ್ರೆ ಅವಳ ಮೊಟ್ಟೆಯಿಂದ ಒಂದು ಚೂರು ನಾನು ಬಾಯಿಗೆ ಹಾಕ್ಕೊಂಡು "ಆಹಾ!" ಅನ್ನಬೇಕಿತ್ತು. ಕೆಲವು ತಿಂಗಳಲ್ಲಿ ಮುಖಕ್ಕೆ ಕಳೆ ಬಂತು, ಓಡಾಟ ಶುರುವಾಯ್ತು. ಮಾತು ಮಾತ್ರ ಇಲ್ಲ.

ಒಂದು ಬೆಳಿಗ್ಗೆ ಸೂಪರ್‌ವೈಸರ್ ಬಂದ್ರು. "ಮಕ್ಕಳಿಗೆ ಮೊಟ್ಟೆ ಸರಿಯಾಗಿ ಕೊಡ್ತಿದೀರಾ?"

ನಾನು ಬಾಯಿ ತೆರೆಯೋ ಮೊದಲೇ ಪುಟ್ಟಿ ಎದ್ದು ನಿಂತು ನನ್ನ ಕಡೆ ಬೆರಳು ತೋರಿಸಿದ್ಲು.

"ಮಿಸ್ಸು ನನ್ ಮೊಟ್ಟೆ ತಿಂತಾರೆ!"

ಮಗಳನ್ನ ಬಿಟ್ಟು ಹೊರಟಿದ್ದ ಅವಳಮ್ಮ ಬಾಗಿಲಿಂದ ಓಡಿ ಬಂದು ಅವಳನ್ನ ಎತ್ಕೊಂಡು ಅತ್ತೇಬಿಟ್ಟಳು. ನನ್ನ ಕಣ್ಣಲ್ಲೂ ನೀರು. ಖುಷಿಗೋ ಭಯಕ್ಕೋ ಗೊತ್ತಾಗಲಿಲ್ಲ. ಅವಳಮ್ಮ ಸೂಪರ್‌ವೈಸರ್ ಕೈ ಹಿಡ್ಕೊಂಡು, "ಕೇಳಿಸ್ಕೊಂಡ್ರಾ ಮೇಡಂ? ಎಷ್ಟು ಸ್ಪಷ್ಟವಾಗಿ ಹೇಳಿದ್ಲು! ಇನ್ನೊಂದ್ಸಲ ಹೇಳು ಚಿನ್ನಾ, ಜೋರಾಗಿ!" ಅಂದ್ಲು.

ಹೇಳಿದ್ಲು. ಮಾಗಡಿ ರೋಡಿನ ಬಸ್‌ಸ್ಟಾಪ್‌ವರೆಗೂ ಕೇಳಿಸಿರಬೇಕು.