ಗಾಜಿನ ಪೆಟ್ಟಿಗೆಯೊಳಗಿರುವ ನನ್ನ ಸ್ಟೂಲಿನ ಬಗ್ಗೆ

ಮಾನ್ಯ ತಿಪ್ಪೇಸ್ವಾಮಿಯವರೇ,

ಉಪ್ಪಲ್ ಬದಿಯ ದೊಡ್ಡ ಎಂಜಿನಿಯರಿಂಗ್ ಕಾಲೇಜಿನಲ್ಲಿ ಆವಿಷ್ಕಾರ ಕೇಂದ್ರದ ನಿರ್ದೇಶಕರಾಗಿ ವಿರಾಜಮಾನರಾಗಿರುವ ತಮಗೆ, ತಾರ್ನಾಕದಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವ ಸುಮಂಗಲಾ ಮಾಡುವ ನಮಸ್ಕಾರಗಳು. ತಾವೂ, ತಮ್ಮ ಕೇಂದ್ರವೂ, ಅಲ್ಲಿಯ ಎ.ಸಿ.ಯೂ ಕ್ಷೇಮವೆಂದು ನಂಬಿದ್ದೇನೆ. ತಾವು ಕನ್ನಡದವರೇ ಎಂದು ತಿಳಿದು ಸಂತೋಷವಾದ್ದರಿಂದ, ನನ್ನ ಮನವಿಯನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ತಮ್ಮ ವಿದ್ಯಾರ್ಥಿಗಳಾದ ನಿರೀಕ್ಷಾ ಮತ್ತು ಸಾಯಿಕುಮಾರ ನನ್ನಲ್ಲಿಗೆ ಊಟಕ್ಕೆ ಬಂದಿದ್ದರು. ಯಾರಿಗಾದರೂ ನಿಜವಾಗಿ ಉಪಯೋಗಕ್ಕೆ ಬರುವ ಸರಳವಾದ ಮರದ ವಸ್ತುವೊಂದನ್ನು ವಿನ್ಯಾಸಗೊಳಿಸಿ ತಯಾರಿಸಬೇಕೆಂದು ತಾವೇ ಅಪ್ಪಣೆ ಕೊಟ್ಟಿದ್ದಿರಂತೆ. ಆಗ ನನ್ನ ಮೊಣಕಾಲು ಮಡಚಲಾಗುತ್ತಿರಲಿಲ್ಲ. ನೆಲದ ಮೇಲೆ ಕೂರಬಾರದೆಂದು ಡಾಕ್ಟರು ಹೇಳಿದ್ದರು. ಒಲೆಯನ್ನು ಕಟ್ಟೆಗೇರಿಸಿ ನಿಂತು ಬಡಿದರೆ ಸೊಂಟ ಹಿಡಿಯುತ್ತಿತ್ತು, ರೊಟ್ಟಿಯೂ ಮನಸ್ಸಿಗೆ ಬಂದಂತೆ ಆಗುತ್ತಿರಲಿಲ್ಲ. ದಸರೆಯ ನಂತರ ಖಾನಾವಳಿ ಮುಚ್ಚಿಬಿಡುತ್ತೇನೆಂದು ಗಿರಾಕಿಗಳಿಗೆ ಹೇಳತೊಡಗಿದ್ದೆ. ಇದನ್ನು ಕೇಳಿಸಿಕೊಂಡ ನಿರೀಕ್ಷಾ ತಟ್ಟೆ ಬಿಟ್ಟು ಎದ್ದು ಬಂದು, “ಅತ್ತಿ, ನೀವು ರೊಟ್ಟಿ ಬಡಿಯೂದು ನಾ ಒಂದಿಷ್ಟು ನೋಡ್ಲೇನ್ರಿ?” ಎಂದಳು. ನೋಡುವುದಕ್ಕೆ ಏನಿದೆಯೆಂದು ನನಗೆ ನಗು ಬಂತು.

ನನಗೆ ಬೇಕಾಗಿದ್ದುದು ಎತ್ತರದ ಸ್ಟೂಲು. ಹಾಗೆಂದು ಹಟ ಹಿಡಿದು ಹೇಳಿದೆ. ಆ ಮಕ್ಕಳು ನನ್ನ ಮಾತು ಕೇಳಿ ಎತ್ತರದ್ದನ್ನೇ ಮಾಡಿ ತಂದರು. ಕುಳಿತರೆ ನೆಲದ ಮೇಲಿನ ಒಲೆ ಪಾತಾಳದಲ್ಲಿತ್ತು. ಮೇಲಾಗಿ ನಮ್ಮ ಅಡುಗೆಮನೆಯ ನೆಲದ ಶಹಾಬಾದ್ ಕಲ್ಲು ಒಂದು ಇದ್ದಂತೆ ಇನ್ನೊಂದಿಲ್ಲ, ನಾಲ್ಕು ಕಾಲಿನ ಸ್ಟೂಲು ತೊಟ್ಟಿಲಿನಂತೆ ತೂಗುತ್ತಿತ್ತು. ಸಾಯಿಕುಮಾರ ಒಂದು ಕಾಲು ಕೊಯ್ದ, ಆಮೇಲೆ ಅದಕ್ಕೆ ಸರಿಯಾಗಲೆಂದು ಎದುರಿನದನ್ನು ಕೊಯ್ದ. ಹೀಗೆಯೇ ಮುಂದುವರಿದು ಸ್ಟೂಲು ಊಟದ ಮಣೆಯಷ್ಟು ಎತ್ತರಕ್ಕೆ ಇಳಿದಾಗ ಇಬ್ಬರೂ ಗರಗಸ ಕೆಳಗಿಟ್ಟು ಮುಖಮುಖ ನೋಡಿಕೊಂಡರು. ಆ ದಿನ ಹುಡುಗಿ ಊಟ ಮಾಡದೆ ಹೋದಳು.

ಮುಂದಿನ ಸಲ ತಂದದ್ದು ಮೂರು ಕಾಲಿನದು. ಕುಳಿತುಕೊಳ್ಳುವ ಹಲಗೆ ಮುಂದಕ್ಕೆ ತುಸು ಇಳಿಜಾರಾಗಿತ್ತು, ತೊಡೆ ಇಳಿಬಿಡಲು ಎರಡೂ ಬದಿಗೆ ಬಾಗಿಸಿ ಕೊರೆದಿದ್ದರು, ಅಂಚನ್ನು ಕೈ ಸವರಿದರೆ ಬೆಣ್ಣೆಯಂತಿತ್ತು. “ಅತ್ತಿ, ಈಗ ಒಮ್ಮೆ ಕುಂತ್ ನೋಡ್ರಿ,” ಎಂದ ಸಾಯಿಕುಮಾರ. ಕುಳಿತೆ. ಮೊಣಕಾಲು ಸುಮ್ಮನಿತ್ತು. ಒಂದು ರೊಟ್ಟಿ ಬಡಿದೆ, ಇನ್ನೊಂದು ಬಡಿದೆ, ಹಿಟ್ಟು ಮುಗಿಯುವವರೆಗೆ ಬಡಿದೆ. “ಭಾಳ ಛಲೋ ಆಗೈತಿ” ಎಂದು ಹೇಳಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಅದನ್ನು ಒಲೆಯ ಹೊಗೆಯ ತಲೆಗೆ ಕಟ್ಟಿದೆ. ನನ್ನದು ಗ್ಯಾಸಿನ ಒಲೆ.

ಆಮೇಲೆ ತಮ್ಮ ಪ್ರದರ್ಶನ ಬಂತು. ಒಂದು ದಿನದ ಮಟ್ಟಿಗೆಂದು ಸ್ಟೂಲನ್ನು ಒಯ್ದರು. ಅದಕ್ಕೆ ಮೊಬೈಲಿನ ಸಂಪರ್ಕ ಏಕಿಲ್ಲವೆಂದು ತಾವು ಕೇಳಿದ ಪ್ರಶ್ನೆಯ ಆಳ ನನಗೆ ಇಂದಿಗೂ ಅರ್ಥವಾಗಿಲ್ಲ. ಆದರೂ ದೊಡ್ಡ ಮನಸ್ಸು ಮಾಡಿ ಮೊದಲ ಬಹುಮಾನ ಕೊಟ್ಟಿರಿ, ಹಾರ ಹಾಕಿದಿರಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಿರಿ, ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕವನ್ನೂ ನಿಲ್ಲಿಸಿದಿರಿ. ಸ್ಟೂಲನ್ನು ವಾಪಸು ಕೇಳಲು ನಿರೀಕ್ಷಾಳ ಜೊತೆ ನಾನೇ ಬಂದಿದ್ದೆ, ತಮಗೆ ನೆನಪಿರಲಾರದು. “ಸರ್, ಅದು ಕೂರೋಕಂತ ಮಾಡಿದ್ದು,” ಎಂದಳು ಹುಡುಗಿ. ತಾವು ತಮ್ಮ ತಿರುಗುವ ಕುರ್ಚಿಯಲ್ಲಿ ಅರ್ಧ ಸುತ್ತು ತಿರುಗಿ, “ಕೂತ್ರೆ ಸವೆದುಹೋಗುತ್ತಮ್ಮ. ತಪಾಸಣಾ ಸಮಿತಿಯವರು ಬಂದಾಗ ತೋರಿಸೋದು ಬೇಡ್ವಾ?” ಎಂದಿರಿ. ಇನ್ನೊಂದು ಮಾಡಿಕೊಳ್ಳುತ್ತೇವೆಂದರೆ, ಪ್ರಾಜೆಕ್ಟು ಮುಗಿದಿರುವುದರಿಂದ ಕಾರ್ಯಾಗಾರಕ್ಕೆ ಪ್ರವೇಶವಿಲ್ಲವೆಂದಿರಿ. ಇಷ್ಟು ಹೊತ್ತೂ ನಾನು ನಿಂತೇ ಇದ್ದೆ. ಮರವನ್ನು ಸವೆತದಿಂದ ಕಾಪಾಡುವ ತಮ್ಮ ಕಳಕಳಿ ದೊಡ್ಡದು. ಮೊಣಕಾಲಿಗೂ ಸವೆತವಿದೆಯೆಂದು ಡಾಕ್ಟರು ಹೇಳುತ್ತಾರೆ, ಆದರೆ ಅದನ್ನು ನೋಡಲು ಯಾವ ಸಮಿತಿಯೂ ಬರುವುದಿಲ್ಲವಲ್ಲ.

ಆದ್ದರಿಂದ ನನ್ನ ಸಣ್ಣ ಬೇಡಿಕೆಗಳಿವೆ. ಸ್ಟೂಲನ್ನು ಹೊರಗೆ ಕೊಡಲಾಗದಿದ್ದರೆ ಗಾಜಿನ ಪೆಟ್ಟಿಗೆಯನ್ನೇ ಸ್ವಲ್ಪ ಹಿಗ್ಗಿಸಿ, ಒಳಗೆ ಒಲೆ, ಹಂಚು, ಹಿಟ್ಟಿನ ಡಬ್ಬಿ ಮತ್ತು ನನ್ನನ್ನು ಇಡುವ ಕೃಪೆ ಮಾಡಬೇಕು. ನನ್ನನ್ನೂ ಮುಟ್ಟಬೇಡಿರೆಂದು ಅದೇ ಫಲಕ ಹೇಳುತ್ತದೆ, ಹೊಸದರ ಖರ್ಚಿಲ್ಲ. ಊಟದ ಹೊತ್ತಿಗೆ ನನ್ನ ಗಿರಾಕಿಗಳೆಲ್ಲ ತಮ್ಮ ಕೇಂದ್ರಕ್ಕೆ ಬರುತ್ತಾರೆ. ಸಮಿತಿಗೆ ಜನಸಂದಣಿ ಕಂಡು ಆನಂದವಾದೀತು.

ಇನ್ನು ತಾವು ನಡೆಸುತ್ತಿರುವ ವಿಚಾರಣೆಯ ವಿಷಯ. ವಿದೇಶದಿಂದ ಬಂದ ತಮ್ಮ ಹೊಸ ಯಂತ್ರದ ಪ್ಯಾಕಿಂಗ್ ಪೆಟ್ಟಿಗೆ ಕಾರ್ಯಾಗಾರದ ಹಿಂದೆ ಕಸದ ಜೊತೆ ನೆನೆಯುತ್ತ ಬಿದ್ದಿತ್ತು. ಅದರ ಹಲಗೆ ಕಾಣೆಯಾಗಿದೆಯೆಂದು ನಿರೀಕ್ಷಾಳನ್ನು ಕರೆಸಿ, ಅಂಕ ಕಡಿಯುವುದಾಗಿ ಹೇಳಿದ್ದೀರಂತೆ. ಹಲಗೆ ನನ್ನ ಮನೆಯಲ್ಲಿದೆ. ಮಕ್ಕಳು ಅದನ್ನು ನನ್ನ ಅಂಗಳದಲ್ಲೇ ಕೊಯ್ದು, ಉಜ್ಜಿ, ಮೂರು ಕಾಲು ಕೂಡಿಸಿ ಕೊಟ್ಟಿದ್ದಾರೆ. ಬೇಡ, ಸಿಕ್ಕಿಹಾಕಿಕೊಂಡೀರಿ ಎಂದು ನಾನು ಹೇಳಿದಾಗ ನಿರೀಕ್ಷಾ ಗರಗಸ ನಿಲ್ಲಿಸಲಿಲ್ಲ. “ಗಾಜಿನ ಪೆಟ್ಟಿಗ್ಯಾಗಿಂದಕ್ಕ ಮಾರ್ಕ್ಸ್ ಬಂದಾವ್ರಿ ಅತ್ತಿ. ಇದು ನಿಮಗ,” ಎಂದಳು. ಕಡಿಯಲೇಬೇಕಿದ್ದರೆ ನನ್ನ ಅಂಕ ಕಡಿಯಿರಿ. ಬಹುಮಾನದ ಸ್ಟೂಲು ತಮ್ಮಲ್ಲೇ ಇರಲಿ, ಅದರ ಮೇಲಿನ ಹಕ್ಕನ್ನು ಈ ಹಲಗೆಗೆ ಬದಲಾಗಿ ಬಿಟ್ಟುಕೊಟ್ಟಿದ್ದೇನೆ. ದಸರೆ ಕಳೆಯಿತು, ಖಾನಾವಳಿ ಮುಚ್ಚಲಿಲ್ಲ.

ತಮ್ಮ ಸಂಸ್ಥೆಯ ಕಸಕ್ಕೆ ಸದಾ ಋಣಿಯಾಗಿರುವ,
ತಮ್ಮ ವಿಶ್ವಾಸಿ,
ಸುಮಂಗಲಾ, ತಾರ್ನಾಕ

ತಾ.ಕ.: ಹೊಸ ಸ್ಟೂಲಿನ ಹಲಗೆಯ ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳ ಮುದ್ರೆ ಹಾಗೆಯೇ ಉಳಿದಿದೆ. ಏನೆಂದು ಸಾಯಿಕುಮಾರನನ್ನು ಕೇಳಿದೆ. ‘ಒಡೆದೀತು, ಜೋಪಾನವಾಗಿ ಇಳಿಸಿರಿ’ ಎಂದು ಬರೆದಿದೆಯಂತೆ. ತಮ್ಮ ಕಾಲೇಜಿನಿಂದ ನನ್ನ ಬಗ್ಗೆ ಬಂದ ಮೊದಲ ಕಾಳಜಿಯ ಮಾತು ಅದು. ಉಜ್ಜಿ ಅಳಿಸಬೇಡಿರೆಂದು ಮಕ್ಕಳಿಗೆ ಹೇಳಿದ್ದೇನೆ.