ಅಪ್ಪಿಕೊಂಡ ಮೇಲೆ ಮೊದಲು ಬಿಡೋದು ಯಾರು?

ಈ ಕೈ ಮುಟ್ಟಿದ ಮೇಲೂ ಸರಿಹೋಗದ ಯಂತ್ರ ಇನ್ನೂ ಹುಟ್ಟಿಲ್ಲ! ಫ್ರಿಜ್, ವಾಷಿಂಗ್ ಮಷಿನ್, ಮಿಕ್ಸಿ, ಏನೇ ಬರಲಿ, ನನ್ನ ಅಂಗಡಿಯ ಮೇಜಿನ ಮೇಲೆ ಮಲಗಿದರೆ ಬಾಯಿಬಿಟ್ಟು ರೋಗ ಹೇಳಲೇಬೇಕು. ಇಂಥ ಮಹಾಪುರುಷನಿಗೆ ಒಂದು ದಾಂಪತ್ಯ ರಿಪೇರಿ ಮಾಡೋದು ಯಾವ ಲೆಕ್ಕ? "ಒಂದೇ ವಾರ! ಹೊಸದರ ಹಾಗೆ ಮಾಡಿಕೊಡ್ತೀನಿ" ಅಂತ ಹೆಂಡತಿಗೆ ಎದೆ ತಟ್ಟಿ ಹೇಳಿದೆ. ಅವಳು ಮೂಲೆಯಲ್ಲಿದ್ದ ಸೂಟ್‌ಕೇಸಿನ ಕಡೆ ನೋಡಿದಳು.

ಆಗಿದ್ದಿಷ್ಟು. ನನ್ನವಳು ಶಾಲೆಯಲ್ಲಿ ಲೆಕ್ಕದ ಟೀಚರ್. ಅವಳಿಗೇ ಸಿಗುತ್ತೆ ಅಂತ ಎಲ್ಲರೂ ಅಂದುಕೊಂಡಿದ್ದ ಹೆಡ್‌ಮಿಸ್ಟ್ರೆಸ್ ಕೆಲಸ ಇನ್ಯಾರಿಗೋ ಹೋಯಿತು. ಮನೆಗೆ ಬಂದವಳೇ ಅಡುಗೆಮನೆಯಲ್ಲಿ ನಿಂತು ಅತ್ತಳು. ನಾನು ಪಕ್ಕದಲ್ಲೇ ಇದ್ದೆ. ಆದರೆ ಸಿಂಕಿನ ಕೆಳಗೆ ಇದ್ದೆ.

"ನಾನು ಅಳ್ತಾ ಇದ್ದೆ, ನೀವು ನಲ್ಲಿ ರಿಪೇರಿ ಮಾಡ್ತಾ ಇದ್ರಿ!"

"ಎರಡು ಕಡೆ ಸೋರ್ತಿತ್ತು ಕಣೇ! ನನಗೆ ಯಾವುದು ಬರುತ್ತೋ ಅದನ್ನ ನಿಲ್ಲಿಸಿದೆ!"

ಈ ಉತ್ತರಕ್ಕೆ ಮೆಚ್ಚುಗೆ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಸೂಟ್‌ಕೇಸು! ಭಾನುವಾರ ಅವಳ ಅಮ್ಮ ಬಂದು ಕರೆದುಕೊಂಡು ಹೋಗೋದು ಅಂತ ತೀರ್ಮಾನ. ವಾಪಸ್ ಯಾವಾಗ ಅಂತ ಕೇಳಿದರೆ "ನೋಡೋಣ" ಅಂದಳು. ಲೆಕ್ಕದ ಟೀಚರ್ ಬಾಯಲ್ಲಿ "ನೋಡೋಣ" ಬಂದರೆ ಹೆದರಲೇಬೇಕು ಸ್ವಾಮಿ! ಅದಕ್ಕೇ ಅವಳು ಹೇಳಿದ ಆಪ್ತಸಲಹೆಗಾರ್ತಿಯ ಹತ್ತಿರ ತೆಪ್ಪಗೆ ಹೋದೆ.

ಆ ಮೇಡಂ ಮೆತ್ತಗೆ ಕೇಳಿದರು, "ಈಗ ನಿಮ್ಮ ದೇಹದಲ್ಲಿ ಎಲ್ಲಿ ಏನು ಅನ್ನಿಸ್ತಿದೆ?"

"ಬೆನ್ನಲ್ಲಿ ಮೇಡಂ. ನಿಮ್ಮ ಸೋಫಾದ ಸ್ಪ್ರಿಂಗ್ ಚುಚ್ತಿದೆ. ಸ್ಕ್ರೂಡ್ರೈವರ್ ಇದ್ರೆ ಕೊಡಿ, ಎರಡೇ ನಿಮಿಷ!"

ಹೆಂಡತಿ ಕಣ್ಣು ಮುಚ್ಚಿಕೊಂಡಳು. ಮೇಡಂ ಬಿಡಲಿಲ್ಲ. "ಚಿಕ್ಕಂದಿನಲ್ಲಿ ನೀವು ಅತ್ತರೆ ಯಾರು ಎತ್ತಿಕೊಳ್ತಿದ್ರು?"

"ಎತ್ತಿಕೊಳ್ಳೋಕೆ ಯಾರಿಗೆ ಪುರುಸೊತ್ತು ಮೇಡಂ? ಅಪ್ಪ ಕೈಗೊಂದು ಕೆಟ್ಟ ರೇಡಿಯೊ ಕೊಟ್ಟು, ಬಿಚ್ಚೋ ಅಂತಿದ್ರು. ಬಿಚ್ತಾ ಬಿಚ್ತಾ ಅಳು ನಿಂತುಹೋಗ್ತಿತ್ತು."

"ಅದಕ್ಕೇ ಈಗಲೂ ಯಾರು ಅತ್ತರೂ ನಿಮ್ಮ ಕೈ ಬಿಚ್ಚೋಕೆ ಏನಾದ್ರೂ ಹುಡುಕುತ್ತೆ" ಅಂದರು. ನಾನು ನನ್ನ ಕೈ ನೋಡಿಕೊಂಡೆ.

ಆಮೇಲೆ ಹೋಂವರ್ಕ್ ಕೊಟ್ಟರು. ಇಬ್ಬರೂ ಅವರವರ ಕಾಲ ಮೇಲೆ ಗಟ್ಟಿಯಾಗಿ ನಿಂತು ಅಪ್ಪಿಕೊಳ್ಳಬೇಕಂತೆ. ಇಬ್ಬರ ಉಸಿರೂ ಶಾಂತವಾಗೋ ತನಕ ಬಿಡಬಾರದಂತೆ. ಮಾತಿಲ್ಲ, ಸಲಹೆಯಿಲ್ಲ, ಬೆನ್ನು ತಟ್ಟೋದೂ ಇಲ್ಲ! ನಾನು ಕೇಳಿದೆ, "ಮೊದಲು ಬಿಡೋದು ಯಾರು ಮೇಡಂ?"

"ದೇಹವೇ ಹೇಳುತ್ತೆ."

ಹೇಳುತ್ತಾ? ಯಾರ ದೇಹ? ಯಾವ ಭಾಷೆಯಲ್ಲಿ? ಫ್ರಿಜ್ಜಾದರೆ ಲೈಟಾದರೂ ಮಿನುಗುತ್ತೆ! ತಲೆಬುಡ ಅರ್ಥವಾಗದೆ ಮನೆಗೆ ಬಂದೆ.

ಭಾನುವಾರ ಬೆಳಿಗ್ಗೆ ಬಂದೇ ಬಿಟ್ಟಿತು. ಸೂಟ್‌ಕೇಸು ಬಾಗಿಲ ಹತ್ತಿರಕ್ಕೆ ನಡೆದಿತ್ತು. ಹೆಂಡತಿ ತಲೆಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು, ಒಲೆಯ ಮೇಲೆ ಹಾಲಿಟ್ಟಿದ್ದಳು.

"ಹೋಗೋ ಮುಂಚೆ ಹೋಂವರ್ಕ್ ಆದ್ರೂ ಮುಗಿಸೋಣ ಕಣೇ" ಅಂದೆ. ಟೀಚರ್ ಅಲ್ವಾ, ಹೋಂವರ್ಕ್ ಅಂದರೆ ಇಲ್ಲ ಅನ್ನೋಕಾಗಲಿಲ್ಲ. ಬಂದು ನಿಂತಳು. ಅಪ್ಪಿಕೊಂಡೆವು.

ಮೊದಲು ಏನೂ ಆಗಲಿಲ್ಲ. ಆಮೇಲೆ ನಮ್ಮ ಫ್ರಿಜ್ 'ಟಕ್' ಅಂದಿತು. ಕಂಪ್ರೆಸರ್ ಹೋಗೋ ಸದ್ದು! ಕೈ ಕಡಿಯತೊಡಗಿತು. ಹಲ್ಲು ಕಚ್ಚಿದೆ. ಹಾಲು ಉಕ್ಕಿತು. ಇವಳು ಬಿಡ್ತಾಳೆ ಅಂತ ನಾನು ಕಾದೆ. ಬಿಡಲಿಲ್ಲ! ತಲೆಯನ್ನು ನನ್ನ ಎದೆಗೆ ಇನ್ನೂ ಒತ್ತಿಕೊಂಡಳು. ಆಹಾ, ಅಂದುಕೊಂಡೆ. ಏನು ನನ್ನ ಎದೆ! ಏನು ನನ್ನ ಅಪ್ಪುಗೆ! ಎಡಗಾಲು ಜೋಮು ಹಿಡಿಯಿತು. ದೇಹ ಹೇಳೋದು ಇದೇನಾ? ತಿಳಿಯಲಿಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅತ್ತೆ ಬಂದರು. ಉಕ್ಕಿದ ಹಾಲು, ಸೀದ ವಾಸನೆ, ಕೂದಲು ಕೆದರಿಕೊಂಡು ಗಂಡನ ಎದೆಯಲ್ಲಿ ಮುಖ ಹುದುಗಿಸಿದ ಮಗಳು!

"ಅಯ್ಯೋ! ಯಾರು ಹೋದ್ರು ಅಳಿಯಂದ್ರೇ?"

ಮಾತಾಡಬಾರದು ಅಂತ ನಿಯಮ! ಇಲ್ಲ ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ಹೇಳೋಕೂ ಆಗ್ತಿಲ್ವಾ! ಅಂಥ ಹತ್ತಿರದೋರಾ!" ಅಂತ ಅತ್ತೆ ಗೋಳೋ ಅಂತ ಅತ್ತರು. ಒಲೆ ಮಾತ್ರ ಆರಿಸಿ ಅತ್ತರು, ಅದಕ್ಕೆ ಮೆಚ್ಚಬೇಕು. ಅಳು ಕೇಳಿ ಮಹಡಿ ಮೇಲಿನ ರಿಟೈರ್ಡ್ ಮೇಷ್ಟ್ರು ಇಳಿದು ಬಂದು, ಕನ್ನಡಕ ತೆಗೆದು ಒರೆಸಿಕೊಂಡರು.

"ಬಂಗಾರದಂಥ ಮನುಷ್ಯ, ಪಾಪ."

"ಯಾರು ಮೇಷ್ಟ್ರೇ?" ಅಳುತ್ತಲೇ ಅತ್ತೆ ಕೇಳಿದರು.

"ಅದೇ... ಹೋದೋರು."

ಈಗ ನನ್ನ ಅಂಗಿಯ ಎದೆ ಒದ್ದೆಯಾಯಿತು. ಇವಳು ನಗ್ತಿದ್ದಾಳಾ, ಅಳ್ತಿದ್ದಾಳಾ? ಭುಜ ಕುಣಿಯುತ್ತಿತ್ತು. ಬಗ್ಗಿ ನೋಡೋಣ ಅಂದರೆ ತಲೆ ಎತ್ತಲೊಲ್ಲಳು. ಏನು ಮಾಡೋದು ಅಂತ ಗೊತ್ತಾಗದೆ ಏನೂ ಮಾಡದೆ ನಿಂತೆ. ನನ್ನ ಜನ್ಮದಲ್ಲಿ ಅದೇ ಮೊದಲು. ಕೊನೆಗೆ ನಿಯಮ ಗಾಳಿಗೆ ತೂರಿ ಕೂಗಿದೆ.

"ಯಾರೂ ಸತ್ತಿಲ್ಲ ಅತ್ತೆ! ಇವಳೇ ಹೋಗ್ತಿರೋದು! ನಿಮ್ಮ ಜೊತೆ! ನನ್ನ ಬಿಟ್ಟು!" ಹೇಳುತ್ತಾ ಹೇಳುತ್ತಾ ನನಗೇ ಅಳು ಬಂತು.

ಎದೆಯೊಳಗಿಂದ ದನಿ ಬಂತು. "ಇಲ್ಲಮ್ಮ. ನಾನು ಬರಲ್ಲ."

ಗೆದ್ದೆ! ಅಪ್ಪುಗೆ ಅಂದರೆ ಇದು! "ನೋಡಿದ್ರಾ ಅತ್ತೆ, ಈ ಕೈ ಮುಟ್ಟಿದ ಮೇಲೆ..." ಅಂತ ಶುರು ಮಾಡಿದೆ.

"ಸರಿ, ಈಗಲಾದ್ರೂ ಬಿಡೇ ಅವರನ್ನ. ಮೇಷ್ಟ್ರಿದ್ದಾರೆ" ಅಂದರು ಅತ್ತೆ.

"ಹೇಗಮ್ಮ ಬಿಡೋದು? ಕೂದಲು ಇವರ ಅಂಗಿ ಗುಂಡಿಗೆ ಸಿಕ್ಕಾಕಿಕೊಂಡಿದೆ!"

ನಾನು ಕಕ್ಕಾಬಿಕ್ಕಿ. "ಯಾವಾಗಿಂದ?"

"ಶುರುವಿಂದ್ಲೇ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ನಿಲ್ತಿದ್ರಾ? ಇಕ್ಕಳ ತರೋಕೆ ಓಡ್ತಿದ್ರಿ. ಮದುವೆಯಾದ ಮೇಲೆ ಇವತ್ತೊಂದು ದಿನ ನಾನು ಅತ್ತು ಮುಗಿಸೋ ತನಕ ನಿಂತಿದ್ದೀರ ರೀ."

ಎಂಥ ಇಕ್ಕಳ, ನಾನೇನು ಅಷ್ಟು ದಡ್ಡನಾ, ಅನ್ನಬೇಕೆಂದುಕೊಂಡೆ. ಅನ್ನಲಿಲ್ಲ. ಯಾಕೆಂದರೆ ಗುಂಡಿ ಅಂದ ತಕ್ಷಣ ನನ್ನ ಬಲಗೈ ಆಗಲೇ ಪ್ಯಾಂಟಿನ ಜೇಬಿಗೆ ಇಳಿದು ಇಕ್ಕಳ ಹಿಡಿದಿತ್ತು! ಯಾರಿಗೂ ಕಾಣದ ಹಾಗೆ ಮೆಲ್ಲಗೆ ಖಾಲಿ ಕೈ ಹೊರಗೆ ತೆಗೆದು ಅವಳ ಬೆನ್ನ ಮೇಲಿಟ್ಟೆ. ಕೂದಲು ಬಿಡಿಸಿದ್ದು ಅತ್ತೆ. ಬೆಳಕು ಹಿಡಿದದ್ದು ಮೇಷ್ಟ್ರು. ದಾಂಪತ್ಯ ರಿಪೇರಿ ಮಾಡಿದ್ದು ಒಂದು ಗುಂಡಿ. ನಾನು ಬರೀ ನಿಂತಿದ್ದೆ.